ಹೋಲಿಕೆಯನ್ನು ತೆಗೆದರೆ ಹೋಗುವುದೇನು?

ಅಲಂಕಾರದ ಪ್ರಶ್ನೆಗೆ ಉತ್ತರ ಬರೆಯುವ ಕ್ರಮ ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಬಾಯಿಪಾಠ. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮಗಳನ್ನು ಬಿಡಿಸಿಟ್ಟು, ಲಕ್ಷಣ ಹೇಳಿ, ಸಮನ್ವಯ ಮಾಡಿದರೆ ಪೂರ್ತಿ ಅಂಕ. ಆ ಹೋಲಿಕೆಯನ್ನು ಅಲ್ಲಿಂದ ತೆಗೆದರೆ ಹೋಗುವುದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸಾಹಿತ್ಯವನ್ನು ಅರಿಯುವ ಕೆಲಸ ಶುರುವಾಗುವುದೇ ಈ ಪ್ರಶ್ನೆಯಿಂದ ಎಂದು ನಾನು ನಂಬಿದ್ದೇನೆ. ಏನೂ ಹೋಗದಿದ್ದರೆ ಅದು ಮೇಲಿನ ಬಣ್ಣ. ಏನಾದರೂ ಹೋದರೆ, ಬರೆದವನ ಯೋಚನೆ ಆ ಹೋಲಿಕೆಯೊಳಗೇ ಇತ್ತು ಎಂದರ್ಥ.

ಈ ವಿಚಾರ ಹೊಸದೇನೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ, ರಸದ ಸೆಳೆತದಲ್ಲಿ ಬೇರೆ ಪ್ರಯತ್ನವಿಲ್ಲದೆ ತಾನಾಗಿ ಕೂಡಿಬಂದದ್ದೇ ಸರಿಯಾದ ಅಲಂಕಾರ ಎಂದು ‘ಧ್ವನ್ಯಾಲೋಕ’ದಲ್ಲಿ ವಾದಿಸಿದ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ ಸಂಸ್ಕೃತದ ಲಾಕ್ಷಣಿಕ ದಂಡಿಯ ಜಾಡಿನಲ್ಲಿ ಅಲಂಕಾರಗಳನ್ನು ಒಂದೊಂದಾಗಿ ವಿವರಿಸುತ್ತದೆ. ಜೊತೆಗೆ, ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂದು ಒಪ್ಪುತ್ತದೆ. ಲಕ್ಷಣ ಹೇಳಲು ಹೊರಟ ಗ್ರಂಥವೇ ಹೀಗೆ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

‘ಅವನ ಮಾತು ಬೆಂಕಿಯಂತೆ’ ಎನ್ನುವಾಗ ಮಾತು ಬೇರೆ, ಬೆಂಕಿ ಬೇರೆ ಎಂಬ ಎಚ್ಚರ ಉಳಿದಿರುತ್ತದೆ. ‘ಅವನ ಮಾತು ಬೆಂಕಿ’ ಎಂದಾಗ ಆ ಎಚ್ಚರ ಇಲ್ಲ. ಉಪಮೆಗೂ ರೂಪಕಕ್ಕೂ ಇರುವ ಭೇದವನ್ನು ನಾವು ವ್ಯಾಕರಣದ ಭೇದವಾಗಿ ಕಲಿಸಿ ಮುಗಿಸುತ್ತೇವೆ. ಎಷ್ಟು ನಂಬಬೇಕು ಎಂಬ ಭೇದವೂ ಅದರಲ್ಲಿದೆ. ‘ರೈತ ದೇಶದ ಬೆನ್ನೆಲುಬು’ ಎಂದು ವೇದಿಕೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಬೆನ್ನೆಲುಬಿನ ಕೆಲಸವೇನು? ಭಾರ ಹೊರುವುದು. ಅದಕ್ಕೆ ಬಾಯಿಲ್ಲ, ಅದು ಕೂಲಿ ಕೇಳುವುದಿಲ್ಲ, ಇದ್ದ ಜಾಗ ಬಿಟ್ಟು ಹೋಗುವಂತಿಲ್ಲ, ನೋವಾದಾಗಷ್ಟೇ ನೆನಪಾಗುತ್ತದೆ. ಹೊಗಳಿಕೆಯ ಜೊತೆಗೆ ಇದಿಷ್ಟನ್ನೂ ರೈತನ ಮೇಲೆ ಹೊರಿಸಿದ್ದೇವೆ. ಬೆಳೆಗೆ ತಕ್ಕ ಬೆಲೆ ಕೇಳುವ, ಮಕ್ಕಳಿಗೆ ಬೇಸಾಯ ಬೇಡ ಎನ್ನುವ ಮನುಷ್ಯನಿಗೆ ಆ ರೂಪಕದಲ್ಲಿ ಜಾಗವಿಲ್ಲ. ಅದನ್ನು ರೂಪಕ ಎಂದು ಗುರುತಿಸಿ ಸುಮ್ಮನಾಗುವ ವಿದ್ಯಾರ್ಥಿ, ಮುಂದೆ ಮತ ಹಾಕುವಾಗಲೂ ಅಂಥ ಮಾತಿಗೆ ತಲೆದೂಗುತ್ತಾನೆ.

ಕಥೆಯ ಅಂಗಗಳ ವಿಷಯವೂ ಹೀಗೆಯೇ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ, ದೂರ್ವಾಸಪುರದ ಅಗ್ರಹಾರದ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದು ತೀರ್ಮಾನವಾಗದೆ ಬ್ರಾಹ್ಮಣರು ಊಟ ಮಾಡುವಂತಿಲ್ಲ. ಇದು ಕಥಾವಸ್ತುವೋ, ಸನ್ನಿವೇಶವೋ, ಸಂಘರ್ಷವೋ, ಸಂಕೇತವೋ? ಕಾಲಂ ಹಾಕಿ ಬರೆಯಹೊರಟರೆ ಆ ಹೆಣ ಎಲ್ಲ ಕಾಲಂಗಳಲ್ಲೂ ಬಂದು ಮಲಗುತ್ತದೆ. ಖರ್ಚಿಗಾಗಲಿ ಎಂದು, ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ತನ್ನ ಚಿನ್ನ ಬಿಚ್ಚಿಟ್ಟ ಕೂಡಲೇ, ಹಿಂಜರಿಯುತ್ತಿದ್ದವರ ಮನಸ್ಸು ತಿರುಗುತ್ತದೆ; ಅವರ ಸ್ವಭಾವವನ್ನು ಬೇರೆ ವರ್ಣಿಸಬೇಕಾಗಿಲ್ಲ. ಕೊನೆಗೆ ಅವಳೇ ಮುಸ್ಲಿಮನಾದ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ದಹನ ಮಾಡಿಸುತ್ತಾಳೆ. ಓದುಗನಿಗೆ ಇದು ಗೊತ್ತು. ಪರಿಹಾರ ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯರಿಗೆ ಗೊತ್ತಿಲ್ಲ, ಅಗ್ರಹಾರದವರಿಗೂ ಗೊತ್ತಿಲ್ಲ. ಬೂದಿಯಾದ ಹೆಣಕ್ಕೆ ಶಾಸ್ತ್ರದ ಪರಿಹಾರ ಹುಡುಕುವುದು ಮುಂದುವರಿಯುತ್ತದೆ. ವಿಮರ್ಶೆಯಲ್ಲಿ ಇದಕ್ಕೆ ನಾಟಕೀಯ ವ್ಯಂಗ್ಯ ಎನ್ನುತ್ತಾರೆ. ಶಾಸ್ತ್ರಕ್ಕೆ ಬಗೆಹರಿಯದ್ದನ್ನು ಅದರ ಹೊರಗಿನ ಇಬ್ಬರು ಮುಗಿಸಿದರು ಎಂಬ ವಾದವನ್ನು ಕಾದಂಬರಿ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಎಂದು ಹಂಚಿದ ರೀತಿಯಲ್ಲೇ ಅದನ್ನು ಹೇಳಿಯಾಗಿದೆ. ಆಚಾರ್ಯರಿಗೆ ಆಗಲೇ ಸುದ್ದಿ ತಿಳಿದಿದ್ದರೆ ಆ ವಾದ ನಿಲ್ಲುತ್ತಿರಲಿಲ್ಲ.

ಹೀಗೆ ಬಿಡಿಸಿ ನೋಡಿದರೆ ಓದಿನ ಸುಖ ಹಾಳಾಗುತ್ತದೆ ಎನ್ನುವವರಿದ್ದಾರೆ. ಬರೀ ಹೆಸರಿಟ್ಟು ಮುಂದೆ ಹೋದರೆ ಹಾಳಾಗುವುದು ನಿಜ. ಆದರೆ ಹೆಸರು ಗೊತ್ತಿದ್ದವನಿಗೆ ಎಲ್ಲಿ ನಿಂತು ಮತ್ತೊಮ್ಮೆ ಓದಬೇಕು ಎಂಬುದೂ ತಿಳಿಯುತ್ತದೆ. ಪಾರಿಭಾಷಿಕ ಪದಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ.

ಕನ್ನಡ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ ಇದೆ. ‘ಅಲಂಕಾರವನ್ನು ಹೆಸರಿಸಿ, ಸಮನ್ವಯಗೊಳಿಸಿ’ ಎಂಬ ಪ್ರಶ್ನೆ ಇರಲಿ. ಅದರ ಕೆಳಗೆ ‘ಇದನ್ನು ತೆಗೆದರೆ ಹೋಗುವುದೇನು?’ ಎಂದು ಇನ್ನೊಂದು ಪ್ರಶ್ನೆ ಸೇರಿಸಿ. ಮಕ್ಕಳು ತಮ್ಮ ಮಾತಿನಲ್ಲಿ ತಪ್ಪುತಪ್ಪಾಗಿ ಬರೆದರೂ ಅದಕ್ಕೆ ಅಂಕ ಕೊಡಿ.