ನಕಲಿನಲ್ಲೂ ಒಳ್ಳೆಯದು, ಕೆಟ್ಟದ್ದು ಎಂಬುದುಂಟೇ?



ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ನಮ್ಮ ಕುಟುಂಬಗಳಲ್ಲಿ ಒಂದು ಮಾತು ಈಗ ರೂಢಿಯಾಗಿಬಿಟ್ಟಿದೆ. ಅದೇ 'ಫಸ್ಟ್ ಕಾಪಿ'. ಕ್ರಿಸ್ಮಸ್ ಹಬ್ಬಕ್ಕೆ ಬಟ್ಟೆಬರೆ ಕೊಡಿಸುವಾಗ ಮಕ್ಕಳು ಮೊದಲು ಕೇಳುವುದು ಬೂಟು. ಅದರಲ್ಲೂ ಏರ್ ಜೋರ್ಡನ್ ಎಂಬ ಬೂಟು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಅವರ ಹೆಸರಿನಲ್ಲಿ ನೈಕಿ ಕಂಪನಿಯು 1985ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಸಲಿ ಜೋಡಿಯ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಕೆಲವಕ್ಕೆ ಅದಕ್ಕಿಂತ ಬಹಳ ಹೆಚ್ಚು. ಗುತ್ತಿಗೆ ಕೂಲಿಯ ಮನೆಗೆ ಅದು ನಿಲುಕುವ ಮಾತಲ್ಲ. ಆದ್ದರಿಂದ ನಕಲು ಬೂಟು ಮನೆ ಸೇರುತ್ತದೆ.

ಈ ನಕಲಿನಲ್ಲೂ ಎರಡು ತರಗತಿ. ಒಂದು, ಸಂತೆಯಲ್ಲಿ, ರಸ್ತೆಬದಿಯಲ್ಲಿ ಆರೇಳು ನೂರಕ್ಕೆ ಸಿಗುವಂಥದ್ದು. ಇನ್ನೊಂದು, ಎರಡು ಎರಡೂವರೆ ಸಾವಿರ ಕೊಟ್ಟು ಕೊಳ್ಳುವ 'ಫಸ್ಟ್ ಕಾಪಿ'. ಯುವಕನೊಬ್ಬ ಕೇಳಿದ ಪ್ರಶ್ನೆ ಇದು: "ಫಾದರ್, ಎರಡೂ ಡೂಪ್ಲಿಕೇಟ್ ಅದಾವ. ಖರೆ ಹೇಳ್ರಿ, ಎರಡರಾಗ ಯಾವುದು ಛಲೋ?" ನಗುತ್ತಲೇ ಕೇಳಿದ ಪ್ರಶ್ನೆಯಾದರೂ ಇದರೊಳಗೆ ನೀತಿಶಾಸ್ತ್ರದ ಗಂಭೀರ ಪ್ರಶ್ನೆಯೊಂದು ಅಡಗಿದೆ.

ಮೊದಲು ವಸ್ತುವನ್ನೇ ನೋಡೋಣ. ಅಗ್ಗದ ಜೋಡಿಯಲ್ಲಿ ಹೊಲಿಗೆ ಸೊಟ್ಟಗಿರುತ್ತದೆ. ಬದಿಯಲ್ಲಿರುವ ಬಾಗಿದ ಗೆರೆಯ ಗುರುತು ಒಂದು ಕಾಲಿಗೆ ಮೇಲೆ, ಇನ್ನೊಂದು ಕಾಲಿಗೆ ಕೆಳಗೆ. ಅಟ್ಟೆ ಗಡುಸು, ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಅಂಟು ಬಿಟ್ಟು ಬಾಯಿ ತೆರೆಯುತ್ತದೆ. ಫಸ್ಟ್ ಕಾಪಿಯಲ್ಲಿ ಹೊಲಿಗೆ ನೇರ, ಅಟ್ಟೆ ಮೆತ್ತಗೆ, ಕಣಕಾಲಿನ ಬಳಿಯ ರೆಕ್ಕೆಯ ಚಿತ್ರ ಅಚ್ಚುಕಟ್ಟು. ಒಳಗಿನ ಚೀಟಿ, ಹೊರಗಿನ ಡಬ್ಬಿ ಸಹ ಅಸಲಿಯಂತೆಯೇ. ಬೂಟು ಎಂಬ ಲೆಕ್ಕದಲ್ಲಿ ಎರಡನೆಯದೇ ಉತ್ತಮ. ಇದರಲ್ಲಿ ಸಂಶಯವಿಲ್ಲ.

ಆದರೆ ಸುಳ್ಳು ಎಂಬ ಲೆಕ್ಕದಲ್ಲಿ? ಸೊಟ್ಟ ಹೊಲಿಗೆಯ ಬೂಟು ಯಾರನ್ನೂ ಮೋಸಗೊಳಿಸಲಾರದು. ನೋಡಿದವರಿಗೆಲ್ಲ ಅದರ ಕಥೆ ಗೊತ್ತು. ಫಸ್ಟ್ ಕಾಪಿಯಾದರೋ, ನೋಡುವವರು ನಂಬಲಿ ಎಂದೇ ಅಷ್ಟು ಶ್ರಮಪಟ್ಟು ಮಾಡಿದ್ದು. ಅದಕ್ಕೆ ಹೆಚ್ಚಾಗಿ ತೆತ್ತ ಹಣದಲ್ಲಿ ಒಂದಷ್ಟು ಒಳ್ಳೆಯ ಚರ್ಮಕ್ಕೆ, ಹೊಲಿಗೆಗೆ. ಉಳಿದದ್ದು ನಂಬಿಸುವ ಶಕ್ತಿಗೆ. ಹೀಗೆ ವಸ್ತು ಉತ್ತಮವಾದಷ್ಟೂ ವಂಚನೆಯೂ ಬಲವಾಗುತ್ತದೆ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸುಮ್ಮಾ ಥಿಯೊಲೊಜಿಯೆ ಎಂಬ ಗ್ರಂಥದಲ್ಲಿ ಕೊಡುಕೊಳ್ಳುವ ವ್ಯವಹಾರದ ನೀತಿಯನ್ನು ಚರ್ಚಿಸುತ್ತಾ ರಸವಾದಿಗಳ ಚಿನ್ನದ ವಿಷಯವನ್ನು ಎತ್ತುತ್ತಾರೆ. ರಸವಾದಿಯ ಚಿನ್ನಕ್ಕೆ ನಿಜವಾದ ಚಿನ್ನದ ಗುಣಗಳಿಲ್ಲದಿದ್ದರೆ ಅದನ್ನು ಚಿನ್ನವೆಂದು ಮಾರುವುದು ವಂಚನೆ. ಒಂದು ವೇಳೆ ಅದು ನಿಜವಾಗಿಯೂ ಚಿನ್ನವೇ ಆಗಿದ್ದರೆ ಚಿನ್ನವೆಂದು ಮಾರುವುದರಲ್ಲಿ ತಪ್ಪಿಲ್ಲ ಎನ್ನುವುದು ಅವರ ತೀರ್ಮಾನ. ಹಾಗಾದರೆ ನಮ್ಮ ಯುವಕರು ಕೇಳಬಹುದು: "ಚರ್ಮ ಅದೇ, ಅಟ್ಟೆ ಅದೇ ಆಗಿದ್ದರೆ ಬೂಟೂ ಅದೇ ಅಲ್ಲವೇ?"

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚಿನ್ನ ಎಂಬುದು ಪ್ರಕೃತಿಯ ಗುಣ. ಅದು ಯಾರ ಸಹಿಯೂ ಅಲ್ಲ. ಬೂಟಿನ ಮೇಲಿನ ಗುರುತು ಒಂದು ಸಹಿ. "ಇದನ್ನು ಮಾಡಿಸಿದವರು ನಾವು, ಕೆಟ್ಟರೆ ಕೇಳಬೇಕಾದ್ದು ನಮ್ಮನ್ನು" ಎಂಬ ಮಾತು ಅದರಲ್ಲಿದೆ. ಚರ್ಮ ಎಷ್ಟೇ ಒಳ್ಳೆಯದಿರಲಿ, ಆ ಮಾತು ಮಾತ್ರ ನಕಲಿನಲ್ಲಿ ಸುಳ್ಳು.

ಇದು ಸಿಮೆಂಟಿನ ಊರಿನವರಾದ ನಮಗೆ ಬೇಗ ಅರ್ಥವಾಗಬೇಕು. 1982ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ ಸಾಮರ್ಥ್ಯದ ದೇಶದ ಮೊದಲ ಸಿಮೆಂಟ್ ಘಟಕವನ್ನು ಎಸಿಸಿ ಕಂಪನಿ ಆರಂಭಿಸಿದ್ದು ನಮ್ಮ ವಾಡಿಯಲ್ಲಿಯೇ. ಇಲ್ಲಿನ ಖಾಲಿ ಚೀಲದಲ್ಲಿ ಯಾರೋ ಬೇರೆ ಪುಡಿ ತುಂಬಿ, ಹೊಲಿದು ಮಾರಿದರೆ ನಾವು ಸುಮ್ಮನಿರುತ್ತೇವೆಯೇ? ಆ ಪುಡಿ ಸುಮಾರಾಗಿ ಗಟ್ಟಿಯಾಗುತ್ತದೆ ಎಂದರೆ ಒಪ್ಪುತ್ತೇವೆಯೇ? ಚೀಲದ ಮೇಲಿನ ಹೆಸರನ್ನು ನಂಬಿ ಜನ ಮನೆಗೆ ಛಾವಣಿ ಹಾಕುತ್ತಾರೆ. ಆ ನಂಬಿಕೆಗೆ ನಮ್ಮ ಜನರ ಬೆವರೂ ಸೇರಿದೆ.

ಅನುಕರಣೆಯೆಲ್ಲ ಪಾಪ ಎಂದು ಇದರರ್ಥವಲ್ಲ. ಕಲ್ಲಿನಂತೆ ಕಾಣುವ ಟೈಲ್ಸನ್ನು ಟೈಲ್ಸ್ ಎಂದೇ ಮಾರಿದರೆ ಶಹಾಬಾದ್ ಕಲ್ಲಿಗೆ ಅನ್ಯಾಯವಿಲ್ಲ. ನಾಟಕದಲ್ಲಿ ವೇಷ ಹಾಕಿದವನು ಸುಳ್ಳುಗಾರನಲ್ಲ ಎಂದು ಸಂತ ಅಗಸ್ಟೀನರು ಬಹಳ ಹಿಂದೆಯೇ ವಿವೇಚಿಸಿದ್ದಾರೆ. ಅವನಲ್ಲಿ ವಂಚಿಸುವ ಇಚ್ಛೆಯಿಲ್ಲ. ಹಾಗೆಯೇ ದೊಡ್ಡ ಹೆಸರಿಲ್ಲದ, ತನ್ನದೇ ಸಣ್ಣ ಹೆಸರಿನ ಬೂಟು ಬಡವನ ಪ್ರಾಮಾಣಿಕ ಬೂಟು.

ಹಾಗಾದರೆ ತಪ್ಪು ಯಾರದು, ಎಷ್ಟು? ನಕಲನ್ನು ಅಸಲಿಯೆಂದು ಹೇಳಿ ಮಾರುವವನು ಕೊಳ್ಳುವವನ ಹಣವನ್ನೇ ಕದಿಯುತ್ತಾನೆ. ಏಳನೆಯ ದೈವಾಜ್ಞೆಗೆ ಇದು ನೇರ ವಿರುದ್ಧ. "ಇದು ಕಾಪಿ" ಎಂದು ಹೇಳಿಯೇ ಮಾರುವವನು ಗಿರಾಕಿಗೆ ಮೋಸ ಮಾಡುವುದಿಲ್ಲ, ನಿಜ. ಆದರೆ ಪರರ ಹೆಸರನ್ನು ಅನುಮತಿಯಿಲ್ಲದೆ ಮಾರಿಕೊಳ್ಳುತ್ತಾನೆ. ನಮ್ಮ ದೇಶದ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯು ಹೀಗೆ ಮಾಡುವವರಿಗೂ ಮಾರುವವರಿಗೂ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ.

ಕೊಂಡು ತೊಡುವವರ ವಿಷಯದಲ್ಲಿ ಮನಸ್ಸಿನ ಉದ್ದೇಶವನ್ನು ನೋಡಬೇಕು. ಮಗನ ಕಾಲಿಗೆ ಏನಾದರೂ ಇರಲಿ ಎಂದು ಸಂತೆಯಲ್ಲಿ ಆರು ನೂರರ ಜೋಡಿ ಕೊಂಡ ತಾಯಿಗೆ ಆ ಗೆರೆಯ ಗುರುತು ಏನೆಂದೂ ಗೊತ್ತಿರಲಿಕ್ಕಿಲ್ಲ. ಅವಳನ್ನು ಯಾರೂ ಪಾಪಿಯೆನ್ನಬಾರದು. ಆದರೆ ಹತ್ತು ಸಾವಿರದವನೆಂದು ಎಣಿಸಿಕೊಳ್ಳಲು ಎರಡೂವರೆ ಸಾವಿರ ತೆತ್ತವನು ಮಾತಿನಿಂದಲ್ಲದಿದ್ದರೂ ಕಾಲಿನಿಂದ ಸುಳ್ಳಾಡುತ್ತಾನೆ. ಸುಳ್ಳನ್ನು ನಾಲಿಗೆಯಿಂದ ಮಾತ್ರವಲ್ಲ, ನಡೆಯಿಂದಲೂ ಹೇಳಬಹುದು ಎಂಬುದು ಸಂತ ಥಾಮಸರ ಬೋಧನೆ.

"ಕಂಪನಿಯವರೇನು ಸಾಧುಗಳೇ?" ಎಂಬ ಪ್ರಶ್ನೆ ಏಳುತ್ತದೆ. ನ್ಯಾಯವಾದ ಪ್ರಶ್ನೆಯೇ. ಏಷ್ಯಾದ ಬಡ ದೇಶಗಳ ಬೂಟು ಕಾರ್ಖಾನೆಗಳಲ್ಲಿ ಕೊಡುತ್ತಿದ್ದ ಅಲ್ಪ ಕೂಲಿಗಾಗಿ 1990ರ ದಶಕದಲ್ಲಿ ನೈಕಿಯ ವಿರುದ್ಧ ಜಗತ್ತಿನಾದ್ಯಂತ ಪ್ರತಿಭಟನೆ ನಡೆಯಿತು. ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ರೇರುಂ ನೊವಾರುಂ ವಿಶ್ವಪತ್ರದಲ್ಲಿಯೇ ಸಾರಿದ್ದರು. ಆದರೆ ನಕಲು ಬೂಟು ಹೊಲಿದ ಕೈಗಳಿಗೆ ಸಿಕ್ಕ ಕೂಲಿಯೆಷ್ಟು? ಕೇಳಲು ವಿಳಾಸವೇ ಇಲ್ಲ. ಒಂದು ಅನ್ಯಾಯವನ್ನು ಇನ್ನೊಂದರಿಂದ ತೊಳೆಯಲಾಗದು.

ಇದೇ ಮಾತನ್ನು ತಿರುಗಿಸಿ ನೋಡಿ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಹಾಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಲ್ಲಿ ಕೈಯಿಂದ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಬಗೆಯ ಚಪ್ಪಲಿಗಳನ್ನು ಮಿಲಾನಿನಲ್ಲಿ ಪ್ರದರ್ಶಿಸಿತು. ನಮ್ಮವರ ಹೆಸರು ಎತ್ತಲಿಲ್ಲ. ಇಲ್ಲಿ ಕೂಗೆದ್ದ ಮೇಲಷ್ಟೇ ಅದರ ಮೂಲವನ್ನು ಒಪ್ಪಿಕೊಂಡಿತು. ಅಂದು ನಮಗೆ ಬಂದ ಸಿಟ್ಟು ಸರಿಯಾದದ್ದೇ. ಬಡವನ ಹೆಸರಿಗೆ ಬೆಲೆಯಿದೆ ಎನ್ನುವವರು ಸಿರಿವಂತನ ಹೆಸರಿಗೆ ಬೆಲೆಯಿಲ್ಲ ಎನ್ನಲಾದೀತೇ?

ತಂದೆತಾಯಂದಿರೇ, ಈ ವಿಷಯದಲ್ಲಿ ಮಕ್ಕಳನ್ನು ಗದರಿಸಿ ಪ್ರಯೋಜನವಿಲ್ಲ. ಮಗು ಬೇಡುವುದು ಬೂಟಲ್ಲ, ಗೆಳೆಯರ ನಡುವೆ ಮಾನ. ಆ ಪಾಠವನ್ನು ಅದು ಕಲಿತದ್ದು ಬಹುಮಟ್ಟಿಗೆ ನಮ್ಮಿಂದಲೇ. ಸಾಲ ಮಾಡಿ ಮದುವೆ, ಸಾಲ ಮಾಡಿ ಪ್ರಥಮ ಪರಮಪ್ರಸಾದದ ಔತಣ. ಇವೂ ಒಂದು ಬಗೆಯ ಫಸ್ಟ್ ಕಾಪಿಗಳೇ ಅಲ್ಲವೇ? ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರಿಕೊಳ್ಳುವವರನ್ನು ಪ್ರವಾದಿ ಆಮೋಸನು ಖಂಡಿಸಿದ. ಇಂದು ಒಂದು ಜೊತೆ ಬೂಟಿಗಾಗಿ ನಮ್ಮ ಮಕ್ಕಳು ತಮ್ಮನ್ನೇ ಮಾರಿಕೊಳ್ಳದಂತೆ ನೋಡಿಕೊಳ್ಳುವ ಹೊಣೆ ನಮ್ಮದು.

ಅಂಗಡಿಯಲ್ಲಿ ನಿಂತಾಗ ಮಗನೊಡನೆ ಕೂಡಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಗುರುತು ಇಲ್ಲದಿದ್ದರೂ ಇದನ್ನು ಕೊಳ್ಳುತ್ತಿದ್ದೆವೇ? ಯಾರಾದರೂ "ಒರಿಜಿನಲ್ಲಾ?" ಎಂದು ಕೇಳಿದರೆ ನಾಚದೆ ನಿಜ ಹೇಳಬಲ್ಲೆವೇ? ಅಷ್ಟೇ ದುಡ್ಡಿಗೆ ತನ್ನದೇ ಹೆಸರಿನ ಗಟ್ಟಿ ಜೋಡಿ ಸಿಗುವುದಿಲ್ಲವೇ? ಕೊನೆಯ ಪ್ರಶ್ನೆಗೆ ಎರಡೂವರೆ ಸಾವಿರದಲ್ಲಿ ಖಂಡಿತ ಉತ್ತರವಿದೆ.

ಪ್ರಭು ಯೇಸು ಹೇಳಿದ ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ಬರಿಗಾಲಲ್ಲಿ ಮರಳಿದ ಮಗನಿಗೆ ತಂದೆ ಕೆರ ತೊಡಿಸಿದ. ಆದರೆ ಅದಕ್ಕೂ ಮೊದಲು ಓಡಿಹೋಗಿ ಅವನನ್ನು ಅಪ್ಪಿಕೊಂಡ. ಮನೆಯಲ್ಲಿ ಆ ಅಪ್ಪುಗೆ ಸಿಕ್ಕ ಮಗುವಿಗೆ ಬೀದಿಯಲ್ಲಿ ಬೂಟಿನಿಂದ ಮಾನ ಗಳಿಸುವ ಅಗತ್ಯ ಅಷ್ಟಾಗಿ ಬೀಳದು.