ದಾರಿ ತೋರಿದವನ ಕೂಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಪೇಟೆಗಳಲ್ಲಿ ಟ್ರಾವೆಲ್ ಏಜೆನ್ಸಿಯ ಫಲಕಗಳು ನಮಗೆ ಚಿರಪರಿಚಿತ. ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಇಸ್ರೇಲಿನಲ್ಲಿ, ಕೆನಡಾದಲ್ಲಿ ದುಡಿಯುತ್ತಿದ್ದಾರೆ. ಮಗಳ ಬಾಣಂತನಕ್ಕೆಂದು ಟೊರೊಂಟೊಗೆ ಹೊರಟ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ಮಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿಲ್ಲ, ನಡುವೆ ಬದಲಿಸಲೇಬೇಕು. ಏಜೆಂಟರು ಗಂಟೆಗಟ್ಟಲೆ ಕುಳಿತು ವಿವರಿಸುತ್ತಾರೆ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವ್ಯವಸ್ಥೆ ಮಾಡುವ ಹೊಣೆ ಕಂಪನಿಯದು. ಅಗ್ಗವೆಂದು ಎರಡು ಪ್ರತ್ಯೇಕ ಟಿಕೆಟು ಕೊಂಡರೆ ಆ ನಷ್ಟ ಸಾಮಾನ್ಯವಾಗಿ ಪ್ರಯಾಣಿಕರದೇ. ಟಿಕೆಟಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ನಡೆಯದು. ಇಷ್ಟನ್ನೂ ಕೇಳಿ ತಿಳಿದು ಮನೆಗೆ ಬಂದ ಮೇಲೆ, ಮಗ ಮೊಬೈಲಿನಲ್ಲಿ ಅದೇ ಟಿಕೆಟನ್ನು ಐನೂರು ರೂಪಾಯಿ ಕಡಿಮೆಗೆ ಕೊಳ್ಳುತ್ತಾನೆ. ಇದು ನ್ಯಾಯವೇ?

ಕಾನೂನಿನ ದೃಷ್ಟಿಯಲ್ಲಿ ಇದು ತಪ್ಪಲ್ಲ. ನಾಲ್ಕು ಕಡೆ ಬೆಲೆ ವಿಚಾರಿಸುವುದು ದುಡಿದು ತಿನ್ನುವವರ ಹಕ್ಕು. ಉಳಿದ ಐನೂರು ಮಕ್ಕಳ ಶಾಲೆಯ ಶುಲ್ಕಕ್ಕೆ ಸೇರಬಹುದು. ಆದರೆ ಏಜೆಂಟರು ಕೊಟ್ಟದ್ದು ಬರಿಯ ಬೆಲೆಯ ವಿವರವಲ್ಲ, ತಮ್ಮ ಅನುಭವ ಮತ್ತು ಸಮಯ. ಒಂದು ಕಾಲದಲ್ಲಿ ವಿಮಾನ ಕಂಪನಿಗಳೇ ಅವರಿಗೆ ಟಿಕೆಟಿನ ಮೇಲೆ ಕಮಿಷನ್ ಕೊಡುತ್ತಿದ್ದವು. ಈಗ ಅನೇಕ ಕಂಪನಿಗಳು ಅದನ್ನು ಕಡಿತಗೊಳಿಸಿವೆ ಅಥವಾ ನಿಲ್ಲಿಸಿವೆ. ಹಾಗಾಗಿ ಬಹುಮಟ್ಟಿಗೆ ಗ್ರಾಹಕರು ಕೊಡುವ ಸೇವಾಶುಲ್ಕವೇ ಅವರ ಕೂಲಿ. ಉಪಯೋಗಕ್ಕೆ ಬಂದ ಶ್ರಮ ಕಣ್ಣಿಗೆ ಕಾಣುವುದಿಲ್ಲವೆಂಬ ಕಾರಣಕ್ಕೆ ಅದು ಧರ್ಮಾರ್ಥವಾಗುವುದಿಲ್ಲ.

ಪವಿತ್ರ ಗ್ರಂಥದಲ್ಲಿ ತೊಬೀತನ ಕಥೆಯನ್ನು ನೆನೆಯೋಣ. ಕಣ್ಣು ಕಾಣದ ಆ ತಂದೆ, ಬೇರೆಯವರಲ್ಲಿ ಇಟ್ಟ ಹಣವನ್ನು ತರಲು ಮಗನನ್ನು ದೂರದ ಮೇದ್ಯ ದೇಶಕ್ಕೆ ಕಳುಹಿಸಬೇಕಾಗಿತ್ತು. ದಾರಿ ಬಲ್ಲವನೊಬ್ಬ ಸಿಕ್ಕಿದಾಗ ತೊಬೀತ ಎರಡು ಕೆಲಸ ಮಾಡಿದ. ಮೊದಲು, ನೀನು ಯಾರ ಮನೆಯವನೆಂದು ವಿಚಾರಿಸಿದ. ಆಮೇಲೆ ದಿನಕ್ಕೊಂದು ದ್ರಾಕ್ಮಾ ಮತ್ತು ಖರ್ಚುವೆಚ್ಚವೆಂದು ಕೂಲಿ ಗೊತ್ತುಮಾಡಿದ. ಆ ದಾರಿಗ ದೇವದೂತ ರಫಾಯೇಲನೆಂದು ಅವನಿಗೆ ಆಗ ತಿಳಿದಿರಲಿಲ್ಲ. ತೊಬೀತನಿಗೆ ದೇವರಲ್ಲಿ ಭರವಸೆಯಿತ್ತು. ಆದರೂ ಅವನು ವಿಚಾರಿಸುವುದನ್ನು ಬಿಡಲಿಲ್ಲ, ಕೂಲಿ ಕೊಡುವುದನ್ನೂ ಮರೆಯಲಿಲ್ಲ.

ಈ ಮಾತು ಮೇಜಿನ ಆಚೆ ಕುಳಿತವರಿಗೂ ಸಲ್ಲುತ್ತದೆ. ನಂಬಿದವರ ಅಜ್ಞಾನದಿಂದ ಲಾಭ ಪಡೆಯುವುದು, ಅಗ್ಗದ ಟಿಕೆಟಿನ ನಿಬಂಧನೆಗಳನ್ನು ಮುಚ್ಚಿಡುವುದು ವ್ಯಾಪಾರದ ಜಾಣ್ಮೆಯಲ್ಲ, ದ್ರೋಹ. 2020ರ ಲಾಕ್‌ಡೌನಿನಲ್ಲಿ ವಿಮಾನಗಳು ನಿಂತಾಗ ಟಿಕೆಟಿನ ಹಣದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಏಜೆಂಟರ ಮೂಲಕ ಕೊಂಡ ಟಿಕೆಟಿನ ಹಣವನ್ನು ಕಂಪನಿ ಮರಳಿಸಿದಾಗ, ಏಜೆಂಟರು ಅದನ್ನು ಕೂಡಲೇ ಪ್ರಯಾಣಿಕರಿಗೆ ತಲುಪಿಸಬೇಕೆಂದು ನ್ಯಾಯಾಲಯ ಅದೇ ವರ್ಷದ ಅಕ್ಟೋಬರ್ 1ರಂದು ಹೇಳಿತು. ನ್ಯಾಯಾಲಯ ಹೇಳುವ ಮೊದಲೇ ಅಂತಃಸಾಕ್ಷಿ ಹೇಳಬೇಕಾದ ಮಾತಿದು.

ಹಾಗಾದರೆ ಆ ತಾಯಿ, ಮಗ ಏನು ಮಾಡಬೇಕಿತ್ತು? ಬೆಲೆ ಮಾತ್ರ ಕೇಳಲು ಬಂದಿದ್ದರೆ ಮೊದಲೇ ಹಾಗೆಂದು ಹೇಳಬಹುದಿತ್ತು. ಸಲಹೆ ಬೇಕಾಗಿದ್ದರೆ, ಅದರ ಶುಲ್ಕವೆಷ್ಟೆಂದು ಕೇಳಿ, ಟಿಕೆಟನ್ನು ಎಲ್ಲಿ ಕೊಂಡರೂ ಅದನ್ನು ಕೊಡಬಹುದಿತ್ತು. ಪ್ರಿಯ ಓದುಗರೇ, ಪ್ರತಿ ಭಾನುವಾರ ಬಲಿಪೂಜೆಯಲ್ಲಿ ನಾವು ಪರಸ್ಪರ ಶಾಂತಿಯನ್ನು ಕೋರುತ್ತೇವೆ. ಸೋಮವಾರ ಪೇಟೆಯ ಅಂಗಡಿಯಲ್ಲಿ ಅದೇ ನೆರೆಯವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದಾಗ ಆ ಹಾರೈಕೆ ನಿಜವಾಗುತ್ತದೆ.