ಟಿಕೆಟಿನ ಬೆಲೆ ಯಾರು ಕೊಡ್ತಾರೆ?

ಸತ್ಯವೇದ ತೆರೆಯಿರಿ. ಲೂಕನ ಸುವಾರ್ತೆ 2ನೇ ಅಧ್ಯಾಯ, 41ರಿಂದ 52ನೇ ವಚನ. ಧರ್ಮೋಪದೇಶಕಾಂಡ 14ರಲ್ಲಿ ಒಂದು ಬೆರಳು ಇಟ್ಟುಕೊಂಡಿರಿ, ಅಲ್ಲಿಗೂ ಹೋಗೋದಿದೆ.

ನಮ್ಮ ಸಭೆಯ ಒಬ್ಬ ಸಹೋದರ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಹೇಳೋದಿಲ್ಲ. ಅವರು ಟೆಂಪೋ ಓಡಿಸ್ತಾರೆ. ಅವರ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿತಾರೆ. ಹನ್ನೊಂದು ವರ್ಷದ ಮಗ, ಎಂಟು ವರ್ಷದ ಮಗಳು. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟು ವರ್ಷದ ಮೇಲೆ ಕಪ್ ಗೆದ್ದಿತಲ್ಲ, ಆವತ್ತಿನಿಂದ ಮಗ ಒಂದೇ ಹಟ ಹಿಡಿದಾನೆ: "ಪಪ್ಪಾ, ನನ್ನ ಒಮ್ಮೆರೆ ಮ್ಯಾಚಿಗೆ ಕರ್ಕೊಂಡು ಹೋಗ." ಸಹೋದರ ನನ್ನ ಕೇಳಿದ್ದು ಇಷ್ಟೇ: "ಪಾಸ್ಟರ್, ಅಷ್ಟು ರೊಕ್ಕ ಕೊಟ್ಟು ಹೋಗೋದು ತಪ್ಪೇನ್ರಿ?"

ಇದು ಸಣ್ಣ ಪ್ರಶ್ನೆ ಅಲ್ಲ. ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಮಕ್ಕಳಿದ್ದಾರೆ. ಉಳಿದವರಿಗೆ ತಮ್ಮ, ತಂಗಿ, ಅಕ್ಕನ ಮಕ್ಕಳು ಇದ್ದಾರೆ. ಕೈಗೆ ಸಂಬಳ ಬಂದ ಮೇಲೆ ಈ ಪ್ರಶ್ನೆ ನಿಮ್ಮ ಮನೆಗೂ ಬರುತ್ತದೆ.

ಮೊದಲು ಒಂದು ಮಾತು ತೀರಿಸಿಬಿಡ್ತೀನಿ. ನಮ್ಮ ಹಿರಿಯರು ಕ್ರಿಕೆಟ್, ಸಿನಿಮಾ, ಕುಸ್ತಿ ಎಲ್ಲವನ್ನೂ ಒಂದೇ ಗಂಟು ಕಟ್ಟಿ "ಲೋಕದ ಆಟ" ಅಂದುಬಿಡುತ್ತಿದ್ದರು. ಅವರ ಭಯಭಕ್ತಿಗೆ ನನ್ನ ಗೌರವ ಇದೆ. ಆದರೆ ಅಪೊಸ್ತಲನಾದ ಪೌಲನನ್ನು ನೋಡ್ರಿ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೆ ನಡೆಯುತ್ತಿತ್ತು. 1 ಕೊರಿಂಥ 9ರಲ್ಲಿ ಅವನು ಓಡುವವರನ್ನೂ ಮುಷ್ಟಿಯುದ್ಧ ಮಾಡುವವರನ್ನೂ ತನ್ನ ಬೋಧನೆಗೆ ಉದಾಹರಣೆಯಾಗಿ ತಗೊಂಡ. ಆಟವನ್ನು ಬೈಯಲಿಲ್ಲ. ಆಟಗಾರನ ಶಿಸ್ತನ್ನು ನೋಡಿ ಕಲಿಯಿರಿ ಅಂದ. ಆದ್ದರಿಂದ ಕ್ರಿಕೆಟ್ ನೋಡೋದು ಪಾಪವೋ ಅನ್ನೋದು ಇವತ್ತಿನ ವಿಷಯ ಅಲ್ಲ. ವಿಷಯ ರೊಕ್ಕದ್ದು, ಮಗುವಿನದ್ದು, ಮನೆಯದ್ದು.

ಲೂಕ 14ರಲ್ಲಿ ಯೇಸು ಸ್ವಾಮಿ ಹೇಳ್ತಾರೆ: ಗೋಪುರ ಕಟ್ಟಬೇಕು ಅನ್ನುವವನು ಮೊದಲು ಕೂತು ಖರ್ಚು ಲೆಕ್ಕ ಹಾಕ್ತಾನೆ. ಹಾಗಾದರೆ ನಾವೂ ಹಾಕೋಣ. 2025ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪಂದ್ಯದ ಅತಿ ಕಡಿಮೆ ಟಿಕೆಟ್ ಸುಮಾರು 2,300 ರೂಪಾಯಿ. ಮೇಲಿನದ್ದು 40 ಸಾವಿರ ದಾಟಿತ್ತು. ಆಮೇಲೆ ಸೆಪ್ಟೆಂಬರ್ 22ರಿಂದ ಸರ್ಕಾರ ಐಪಿಎಲ್ ಟಿಕೆಟಿನ ಜಿಎಸ್‌ಟಿಯನ್ನು ಶೇಕಡಾ 28ರಿಂದ 40ಕ್ಕೆ ಏರಿಸಿತು. ಕ್ಯಾಸಿನೋಗೂ ಕುದುರೆ ರೇಸಿಗೂ ಹಾಕುವ ತೆರಿಗೆ ಅದು. ತೆರಿಗೆ ಸೇರಿ 1,280 ಆಗುತ್ತಿದ್ದ ಟಿಕೆಟ್ ಈಗ 1,400. ಇದರ ಮೇಲೆ ಪ್ರಯಾಣ. ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು ಮುಟ್ಟೋದು ಮರುದಿನ ಬೆಳಿಗ್ಗೆ. ರಾತ್ರಿ ಮ್ಯಾಚ್ ಮುಗಿಯುವಾಗ ಹನ್ನೊಂದು ಗಂಟೆ ದಾಟಿರುತ್ತದೆ, ಹಾಗಾಗಿ ಒಂದು ರೂಮು ಬೇಕು. ಊಟ ಬೇಕು. ಟೆಂಪೋ ಮೂರು ದಿನ ನಿಲ್ಲುತ್ತದೆ.

ನಮ್ಮ ಭಾಷೆಯಲ್ಲಿ ಹೇಳ್ತೀನಿ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಕೂತು ಹೋರಾಡಿದ ಮೇಲೆ ಕಬ್ಬಿಗೆ ಟನ್ನಿಗೆ 3,300 ರೂಪಾಯಿ ನಿಗದಿ ಆಯಿತು. ಅಪ್ಪನಿಗೂ ಮಗನಿಗೂ ಎರಡು ಅಗ್ಗದ ಟಿಕೆಟ್ ಅಂದ್ರೆ ಒಂದು ಟನ್ನಿಗೂ ಹೆಚ್ಚು ಕಬ್ಬು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಆ ಕಬ್ಬಿಗೆ ವರ್ಷವಿಡೀ ನೀರು ಬಿಟ್ಟವರು. ಒಂದು ಟನ್ ಅಂದ್ರೆ ಏನು ಅಂತ ನಿಮಗೆ ಗೊತ್ತು.

ಇಲ್ಲಿಗೆ ನಿಲ್ಲಿಸಿದರೆ ಉತ್ತರ ಸುಲಭ: "ಬೇಡ, ದುಂದು." ಆದರೆ ಸತ್ಯವೇದ ನನ್ನನ್ನು ಅಲ್ಲಿ ನಿಲ್ಲಲು ಬಿಡೋದಿಲ್ಲ.

ಲೂಕ 2ಕ್ಕೆ ಬನ್ನಿ. ಯೋಸೇಫ, ಮರಿಯಳು ಬಡವರು. ಹೇಗೆ ಗೊತ್ತು? ಇದೇ ಅಧ್ಯಾಯದ 24ನೇ ವಚನದಲ್ಲಿ ಅವರು ಅರ್ಪಿಸಿದ್ದು ಜೋಡಿ ಹಕ್ಕಿ. ಕುರಿಮರಿ ಕೊಡುವ ಶಕ್ತಿ ಇಲ್ಲದವರಿಗೆ ಯಾಜಕಕಾಂಡ 12ರಲ್ಲಿ ಇಟ್ಟಿದ್ದ ಅರ್ಪಣೆ ಅದು. ಆದರೂ ಅವರು ಪ್ರತಿ ವರ್ಷ ಪಸ್ಕಹಬ್ಬಕ್ಕೆ ಯೆರೂಸಲೇಮಿಗೆ ಹೋಗ್ತಿದ್ದರು. ನಜರೇತಿನಿಂದ ನೂರು ಕಿಲೋಮೀಟರಿಗೂ ಹೆಚ್ಚು, ಕಾಲ್ನಡಿಗೆ. ಬಡಗಿಯ ಅಂಗಡಿ ಅಷ್ಟು ದಿನ ಬಂದ್. ಹನ್ನೆರಡು ವರ್ಷದ ಮಗನನ್ನೂ ಕರ್ಕೊಂಡು ಹೋದರು.

"ಪಾಸ್ಟರ್, ಅದು ದೇವಾಲಯ, ಇದು ಸ್ಟೇಡಿಯಂ" ಅಂತೀರಿ. ಸರಿಯಾದ ಮಾತು. ಅವೆರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗೋದಿಲ್ಲ. ಭಾನುವಾರದ ಆರಾಧನೆ ಬಿಟ್ಟು ಮ್ಯಾಚಿಗೆ ಹೋಗ್ರಿ ಅಂತಲೂ ಹೇಳೋದಿಲ್ಲ. ಆದರೆ ಬೆರಳು ಇಟ್ಟಿದ್ದೀರಲ್ಲ, ಧರ್ಮೋಪದೇಶಕಾಂಡ 14, 26ನೇ ವಚನ ನೋಡ್ರಿ. ದಶಮಾಂಶದ ಬಗ್ಗೆ ಮಾತಾಡ್ತಾ ದೇವರು ಏನು ಹೇಳ್ತಾರೆ? ಹಬ್ಬಕ್ಕೆ ಹೋದಾಗ ನಿನ್ನ ಮನಸ್ಸಿಗೆ ಬಂದದ್ದನ್ನು ಕೊಂಡುಕೋ, ಮನೆಯವರ ಸಂಗಡ ಊಟ ಮಾಡಿ ಸಂತೋಷಪಡು. ನಮ್ಮ ದೇವರು ಜನರ ಸಂತೋಷಕ್ಕೆ ಬಜೆಟ್ ಇಟ್ಟ ದೇವರು. ಹಲ್ಲೆಲೂಯಾ! ಆದರೆ ಮುಂದಿನ ವಚನ ಬಿಡಬೇಡಿ. ನಿನ್ನ ಊರಲ್ಲಿರುವ ಲೇವಿಯನನ್ನು ಕೈಬಿಡಬೇಡ. ಅದರ ಮುಂದೆ ಪರದೇಶಿ, ಅನಾಥ, ವಿಧವೆ ಬರ್ತಾರೆ. ಸಂತೋಷದ ಖರ್ಚು ಮತ್ತು ಬಾಗಿಲಲ್ಲಿ ನಿಂತವರ ಪಾಲು, ಎರಡನ್ನೂ ದೇವರು ಒಂದೇ ಜಾಗದಲ್ಲಿ ಇಟ್ಟರು. ನಾವು ಒಂದನ್ನು ಹರಿದು ಇಟ್ಟುಕೊಳ್ಳುತ್ತೇವೆ. ಕೆಲವರು ಬರೀ ಸಂತೋಷ, ಕೆಲವರು ಬರೀ ಕರ್ತವ್ಯ.

ಆದ್ದರಿಂದ ಎಷ್ಟು ರೊಕ್ಕ ಅನ್ನೋದಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಬೇಕು. ಸ್ಟೇಡಿಯಮ್ಮಿನಲ್ಲಿ ಕೂರದೇ ಇರುವ ಯಾರು ಈ ಟಿಕೆಟಿನ ಬೆಲೆ ಕೊಡ್ತಾರೆ?

ಯೋಹಾನ 12ರಲ್ಲಿ ಬೇಥಾನ್ಯದ ಮರಿಯಳು ಮುನ್ನೂರು ದಿನಾರಿ ಬೆಲೆಯ ತೈಲವನ್ನು ಒಂದೇ ಗಳಿಗೆಯಲ್ಲಿ ಸುರಿದಳು. ಕೂಲಿಯವನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಬಡವರಿಗೆ ಕೊಡಬಹುದಿತ್ತಲ್ಲ ಅಂತ ಕೇಳಿದವನು ಯಾರು? ಇಸ್ಕರಿಯೋತ ಯೂದ. ಬಡವರ ಹೆಸರು ಹೇಳಿದವರೆಲ್ಲ ಬಡವರ ಪರ ಅಲ್ಲ. ಒಬ್ಬ ಅಪ್ಪ ಮಗನಿಗಾಗಿ ಖರ್ಚು ಮಾಡಿದಾಗ ಬೆರಳು ತೋರಿಸುವ ಮೊದಲು, ನಮ್ಮ ಕೈಯಲ್ಲಿರುವ ಫೋನಿನ ಬೆಲೆ ನೆನಪಿಸಿಕೊಳ್ಳೋಣ.

ಆದರೆ ಮರಿಯಳು ಸುರಿದದ್ದು ತನ್ನದನ್ನು. ಮಾರ್ಕ 7ರಲ್ಲಿ ಇನ್ನೊಂದು ಥರದ ಜನ ಸಿಗ್ತಾರೆ. ಅಪ್ಪ ಅವ್ವನಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್, ದೇವರಿಗೆ ಕೊಟ್ಟಾಯಿತು" ಅಂತ ಹೇಳಿ ತಪ್ಪಿಸಿಕೊಂಡವರು. ದೇವರ ಹೆಸರಿನಲ್ಲಿ ಮಾಡಿದರೂ ಯೇಸು ಸ್ವಾಮಿ ಅದನ್ನು ಒಪ್ಪಲಿಲ್ಲ. ಹಾಗಿದ್ದಮೇಲೆ ಆರ್‌ಸಿಬಿ ಹೆಸರಿನಲ್ಲಿ ಮಾಡಿದರೆ ಒಪ್ಪುತ್ತಾರಾ?

ಆ ಸಹೋದರನಿಗೆ ನಾನು ಕೇಳಿದೆ, "ರೊಕ್ಕ ಎಲ್ಲಿಂದ ತರ್ತೀರಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಅವ್ವನ ಕಣ್ಣಿನ ಆಪರೇಷನ್ನಿಗೆ ಅಂತ ಸ್ವಲ್ಪ ಇಟ್ಟೀನ್ರಿ. ಅದು ಎರಡು ತಿಂಗಳು ಮುಂದ ಹೋದ್ರ ನಡೀತೈತಿ." ಇನ್ನೊಂದು ಕೇಳಿದೆ: "ಮಗಳು?" "ಅಕಿಗೆ ಕ್ರಿಕೆಟ್ ಅಷ್ಟು ತಿಳಿಯೂದಿಲ್ರಿ." "ಅವಳನ್ನು ಕೇಳಿದ್ರಾ?" ಕೇಳಿರಲಿಲ್ಲ.

ನೋಡಿದ್ರಾ ಪ್ರಿಯರೇ? ಟಿಕೆಟ್ ಎರಡು, ಬೆಲೆ ಕೊಡುವವರು ನಾಲ್ವರು. ಮಂಜುಗಣ್ಣಿನ ಅಜ್ಜಿ ಎರಡು ತಿಂಗಳ ಬೆಳಕು ಕೊಡ್ತಾಳೆ. ಸಂಘದ ಕಂತು ತುಂಬಲು ಹೆಂಡತಿ ನಾಲ್ಕು ಬ್ಲೌಸ್ ಹೆಚ್ಚು ಹೊಲಿತಾಳೆ. ತಂಗಿ ಏನು ಕಲಿತಾಳೆ? ಈ ಮನೆಯಲ್ಲಿ ದೊಡ್ಡ ಸಂತೋಷ ಅಣ್ಣನಿಗೆ ಅಂತ. ಕೆಟ್ಟ ಮನುಷ್ಯ ಅಲ್ಲ ಆ ಅಪ್ಪ. ಪ್ರೀತಿಯಿಂದಲೇ ಹೊರಟಿದ್ದರು. ಪ್ರೀತಿ ಒಬ್ಬರ ಮುಖವನ್ನೇ ನೋಡ್ತಿದ್ದರೆ ಪಕ್ಕದವರು ಕಾಣೋದಿಲ್ಲ.

ಇನ್ನು ಮಗು ಕೇಳ್ತಿರುವುದು ನಿಜಕ್ಕೂ ಏನು? ಅಗ್ಗದ ಸೀಟಿನಿಂದ ಆಟಗಾರ ಹೆಬ್ಬೆರಳಷ್ಟು ಕಾಣ್ತಾನೆ, ಟಿವಿಯಲ್ಲೇ ಚೆನ್ನಾಗಿ ಕಾಣ್ತಾನೆ. ಹಾಗಾದರೆ ಸ್ಟೇಡಿಯಂ ಯಾಕೆ? ಸಾವಿರಾರು ಜನ ಒಟ್ಟಿಗೆ ಎದ್ದು ಕೂಗುವಾಗ ತಾನೂ ಕೂಗಬೇಕು, ಪಕ್ಕದಲ್ಲಿ ಅಪ್ಪ ಇರಬೇಕು. ಅದು ಒಳ್ಳೆಯ ಆಸೆ. ಆದರೆ ಒಬ್ಬ ಮನುಷ್ಯನ ದರ್ಶನಕ್ಕಾಗಿ ಹೋಗೋದು ಬೇರೆ. 2025ರ ಡಿಸೆಂಬರ್ 13ರಂದು ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಮೆಸ್ಸಿ ಬಂದರು. ಜನ ಸಾವಿರಾರು ರೂಪಾಯಿ ಕೊಟ್ಟು ಬಂದಿದ್ದರು. ಗಣ್ಯರ ಗುಂಪಿನ ನಡುವೆ ಅವರು ಸುಮಾರು ಇಪ್ಪತ್ತು ನಿಮಿಷ ಇದ್ದು ಹೊರಟರು. ಬಹಳ ಜನಕ್ಕೆ ಕಾಣಲೇ ಇಲ್ಲ. ಕುರ್ಚಿ ಕಿತ್ತರು, ಬಾಟಲಿ ಎಸೆದರು. ಅಲ್ಲಿ ಜನ ಬಂದದ್ದು ಆಟಕ್ಕಲ್ಲ, ಬರೀ ದರ್ಶನಕ್ಕೆ. ದರ್ಶನ ತಪ್ಪಿದರೆ ಉಳಿಯೋದು ಸಿಟ್ಟು. ನಿಮ್ಮ ಮಗುವಿಗೆ ಆಟ ಪ್ರೀತಿಸಲು ಕಲಿಸಿರಿ. ಮನುಷ್ಯನನ್ನು ಪೂಜಿಸಲು ಕಲಿಸಬೇಡಿ.

ಇನ್ನೊಂದು ಮಾತು ಭಾರವಾದದ್ದು. 2025ರ ಜೂನ್ 4, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಅವತ್ತು ಟಿಕೆಟಿಗೆ ರೊಕ್ಕ ಇರಲಿಲ್ಲ. ಪುಕ್ಕಟೆ ಅಂದದ್ದೆಲ್ಲ ಅಗ್ಗ ಅಲ್ಲ. ಯಾರಾದರೂ ಅದನ್ನು ದೇವರ ಶಿಕ್ಷೆ ಅಂತ ನಿಮಗೆ ಹೇಳಿದರೆ ಲೂಕ 13 ತೆಗೆದು ತೋರಿಸ್ರಿ. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ಪಾಪಿಗಳು ಅನ್ನುವ ಮಾತನ್ನು ಯೇಸು ಸ್ವಾಮಿ ತಾವೇ ತಳ್ಳಿಹಾಕಿದರು. ಲೂಕ 2ರಲ್ಲೂ ಹಬ್ಬದ ಗುಂಪಿನಲ್ಲಿ ಮಗ ತಪ್ಪಿಹೋದ. ಜೊತೆಯವರಲ್ಲಿ ಇರಬಹುದು ಅಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು. ಒಳ್ಳೆಯ ತಂದೆತಾಯಿಗೂ ಹಾಗೆ ಆಗುತ್ತದೆ. ಅದಕ್ಕೇ ಹೇಳ್ತೀನಿ, ಗುಂಪಿಗೆ ಕರ್ಕೊಂಡು ಹೋದರೆ ಮಗುವಿನ ಕೈ ಹಿಡಿಯಿರಿ, ಫೋನ್ ಜೇಬಿನಲ್ಲಿ ಇಡಿ. ನಿಮ್ಮ ಕಣ್ಣು ರೀಲ್ ಮೇಲಿದ್ದರೆ ಮಗು ಒಂಟಿಯಾಗಿಯೇ ಮ್ಯಾಚ್ ನೋಡ್ತದೆ.

ಆ ಸಹೋದರ ಏನು ಮಾಡಿದರು? ಮನೆಯವರನ್ನೆಲ್ಲ ಕೂರಿಸಿಕೊಂಡು ಮಕ್ಕಳ ಮುಂದೆಯೇ ಲೆಕ್ಕ ಹಾಕಿದರು. ಈ ವರ್ಷ ಅಜ್ಜಿಯ ಕಣ್ಣು, ಮ್ಯಾಚ್ ಮುಂದೆ, ಎಲ್ಲರೂ ಕೂಡಿ ಅಂದರು. ಮಗ ಖುಷಿಯಿಂದ ಒಪ್ಪಲಿಲ್ಲ. ಎರಡು ದಿನ ಮಾತು ಬಿಟ್ಟಿದ್ದ. ಅಪ್ಪ ಸಿಟ್ಟಾಗಲಿಲ್ಲ, ಮಾತು ಬದಲಿಸಲೂ ಇಲ್ಲ. ಮಗಳನ್ನು ಕೇಳಿದಾಗ ಅವಳು ಹೇಳಿದಳು, ಹುಡುಗಿಯರು ಆಡೋ ಮ್ಯಾಚ್ ನೋಡಬೇಕು ಅಂತ. 2025ರ ಮಹಿಳಾ ವಿಶ್ವಕಪ್ಪಿನ ಲೀಗ್ ಪಂದ್ಯಗಳಿಗೆ ಟಿಕೆಟ್ 100 ರೂಪಾಯಿಯಿಂದ ಶುರುವಿತ್ತು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಕಪ್ ಗೆದ್ದದ್ದು ನವಿ ಮುಂಬೈಯಲ್ಲಿ, ನಿಪ್ಪಾಣಿಯಿಂದ ಅದು ಬೆಂಗಳೂರಿಗಿಂತ ಹತ್ತಿರ. ದುಬಾರಿಯಾದದ್ದೇ ದೊಡ್ಡದು ಅಂತ ಯಾರು ಹೇಳಿದರು? ಈಗ ಆ ಮನೆಯಲ್ಲಿ ಒಂದು ಡಬ್ಬಿ ಇದೆ. ಅವರು ಹೋದ ದಿನ ನಾನು ಅವರನ್ನು ಲೋಕದವರು ಅನ್ನೋದಿಲ್ಲ. ಬಂದು ಸಾಕ್ಷಿ ಹೇಳ್ರಿ ಅಂತೀನಿ.

ಬೆಂಗಳೂರಿನಲ್ಲಿ ದುಡಿಯುವವರಿಗೂ ಒಂದು ಮಾತು. ಯಾರ ಪಾಲನ್ನೂ ಕಸಿಯದೆ ಕೊಡುವ ಶಕ್ತಿ ಇದ್ದೂ ಪ್ರತಿ ಸಲ "ವೇಸ್ಟ್" ಅನ್ನುತ್ತಿದ್ದರೆ, ಅದು ಪರಿಶುದ್ಧತೆ ಅಲ್ಲ, ಜಿಪುಣತನ. ನಿಮ್ಮನ್ನು ಎಂದೂ ಮ್ಯಾಚಿಗೆ ಕರ್ಕೊಂಡು ಹೋಗದ ಅಪ್ಪನ ಮೇಲೆ ಮನಸ್ಸಿನಲ್ಲಿ ನೋವಿದ್ದರೆ, ಅವರು ಆ ರೊಕ್ಕದಲ್ಲಿ ನಿಮ್ಮ ಫೀಸ್ ಕಟ್ಟಿದ್ದರೇನೋ ನೋಡ್ರಿ. ಈಗ ನೀವೇ ಅವರನ್ನು ಕರ್ಕೊಂಡು ಹೋಗಬಹುದು.

ಕೊನೆಯ ವಚನ. ಹಬ್ಬ ಮುಗಿಯಿತು, ಯೇಸು ತಂದೆತಾಯಿಯ ಸಂಗಡ ನಜರೇತಿಗೆ ಹಿಂತಿರುಗಿ ಅವರಿಗೆ ಅಧೀನನಾಗಿದ್ದನು. ಜ್ಞಾನದಲ್ಲಿ ಬೆಳೆದದ್ದು ಅಲ್ಲಿ, ಆ ಸಣ್ಣ ಊರಿನ ಬಡಗಿಯ ಮನೆಯಲ್ಲಿ. ಹಬ್ಬ ಕೆಲವು ದಿನ, ಉಳಿದ ದಿನಗಳೆಲ್ಲ ಮನೆ. ಮನೆಯಲ್ಲಿ ನ್ಯಾಯ ಕಂಡ ಮಗುವಿಗೆ ಹಬ್ಬದ ಸಂತೋಷ ದಕ್ಕುತ್ತದೆ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಮಕ್ಕಳ ಆಸೆಗಳನ್ನು ನೀವು ಬಲ್ಲಿರಿ, ನಮ್ಮ ಜೇಬನ್ನೂ ಬಲ್ಲಿರಿ. ಕೊಡಬೇಕಾದಲ್ಲಿ ಕೈ ಬಿಚ್ಚುವ ಮನಸ್ಸು ಕೊಡಿರಿ, ತಡೆಯಬೇಕಾದಲ್ಲಿ ಸತ್ಯ ಹೇಳುವ ಧೈರ್ಯ ಕೊಡಿರಿ. ಮನೆಯಲ್ಲಿ ಮಾತಾಡದೆ ಬೆಲೆ ಕೊಡುತ್ತಿರುವವರನ್ನು ಕಾಣುವ ಕಣ್ಣು ಕೊಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.